ಮೊದಲ ಸಾಲಿನ ಸೊನ್ನೆ

ಮಾಣಿಕಪ್ಪ ಹೋದ ಸೋಮವಾರ ಗುಲಬರ್ಗಾದ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು ಮೂವತ್ತೇಳು. ಶ್ವಾಸಕೋಶದ ಬೇನೆ ಎಂದು ವೈದ್ಯರು ಬರೆದರು. ಮರುದಿನ ಭಂಕೂರಿನಲ್ಲಿ, ಓಣಿಯವರು ಬುದ್ಧವಂದನೆ ಹೇಳಿದ ಮೇಲೆ, ಕಲ್ಲುಗಣಿಯ ದಾರಿಯ ಪಕ್ಕದ ಹೊಲದಲ್ಲಿ ಮಣ್ಣು ಮಾಡಿದೆವು.

ತಿರುಗಿ ಬರುವಾಗ ಅವನ ಓಣಿಯ ಮುದುಕರೊಬ್ಬರು ನನ್ನ ಪಕ್ಕ ನಡೆಯುತ್ತ, ಮಾಣಿಕ ಕಾರ್ಖಾನೆಯಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿದರು. ಹೆಸರುಗಳು ಸರಿ ಇವೆಯೋ ಇಲ್ಲವೋ ನೋಡುವ ಕೆಲಸ ಎಂದೆ. ಅವರು ನಿಂತು ನನ್ನ ಕಡೆ ತಿರುಗಿದರು.

"ಯಾರ ಹೆಸರು? ಪಂಚಾಂಗಾ ನೋಡ್ತಿದ್ನೇನು ಮತ್ತ?"

ಮಾಣಿಕಪ್ಪ ಇದ್ದಿದ್ದರೆ ಈ ಮಾತನ್ನು ಮರುದಿನ ಕಚೇರಿಯಲ್ಲಿ ಎಲ್ಲರ ಮುಂದೆ ಹೇಳಿ ನಗುತ್ತಿದ್ದ. ಆ ಮುದುಕರಿಗೆ ಕೊಡಬೇಕಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಅವನ ತಂದೆ ಲಾಲಪ್ಪ ಭಂಕೂರಿನ ಫರಸಿ ಅಡ್ಡೆಯಲ್ಲಿ, ಎಂದರೆ ಹಾಸುಗಲ್ಲು ಮಾರುವ ಜಾಗದಲ್ಲಿ, ಕಲ್ಲು ನೋಡುವವರಾಗಿದ್ದರು. ನೆಲಕ್ಕೆ ಹಾಸುವ ಶಹಾಬಾದ ಕಲ್ಲಿನಲ್ಲಿ ಕೂದಲೆಳೆಯಷ್ಟು ಒಡಕಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ಬಡಿದು ನೋಡಬೇಕು. ಒಳ್ಳೆಯ ಕಲ್ಲು ಠಣ್ ಎನ್ನುತ್ತದೆ, ಒಡಕಿನದು ಮಣ್ಣಿನ ಗಡಿಗೆಯ ಹಾಗೆ ಮಂಕಾಗಿ ನುಡಿಯುತ್ತದೆ. ಲಾಲಪ್ಪ ಅಡ್ಡೆಯ ಬಾಗಿಲಿಗೆ ಒಂದು ಒಡಕು ಕಲ್ಲನ್ನು ಬೇಕೆಂದೇ ಆನಿಸಿ ಇಟ್ಟಿದ್ದರು. ಮಾರುವುದಕ್ಕಲ್ಲ, ಎಸೆಯುವುದಕ್ಕೂ ಅಲ್ಲ. ದಿನಾ ಬೆಳಿಗ್ಗೆ ಬಂದವರೇ ಮೊದಲು ಅದಕ್ಕೆ ಒಂದು ಪೆಟ್ಟು ಹಾಕುತ್ತಿದ್ದರು. ನಾನು ಮಾಣಿಕಪ್ಪನ ಜೊತೆ ಕಾಲೇಜಿಗೆ ಹೋಗುವ ದಿನಗಳಲ್ಲಿ ಒಮ್ಮೆ ಅವರನ್ನೇ ಕೇಳಿದ್ದೆ, ಒಡೆದದ್ದು ಎಂದು ಗೊತ್ತಿರುವ ಕಲ್ಲನ್ನು ಮತ್ತೆ ಯಾಕೆ ಬಡಿಯಬೇಕು ಎಂದು.

"ಕಲ್ಲಿನ ಪರೀಕ್ಷಾ ಅಲ್ಲೋ ತಮ್ಮಾ ಅದು, ನನ್ನ ಕಿವಿದು" ಅಂದರು. "ಒಡಕಂದು ಒಡಕಂತ ಕೇಳಿಸ್ತಂದ್ರ ಇವತ್ತ ನನ್ನ ಕಿವಿ ಸರಿ ಅದ. ಆಮ್ಯಾಲ ಬಾಕಿದ್ದು ನೋಡಾಕ ಬರತದ."

ಮಾಣಿಕಪ್ಪ ಕಲ್ಲಿನ ಕೆಲಸಕ್ಕೆ ಹೋಗಲಿಲ್ಲ. ಪಿಯುಸಿ ಮುಗಿಸಿ ಚಿತ್ತಾಪುರದ ಹತ್ತಿರದ ಒಂದು ಸಣ್ಣ ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ಮನೆಗೆ ಸೇರಿದ. ನಾನು ಅದೇ ಕಾರ್ಖಾನೆಯ ಹಾಜರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬೆಳಗಿನ ಪ್ಯಾಸೆಂಜರಿಗೆ ಅವನು ಶಹಾಬಾದದಲ್ಲಿ ಹತ್ತುತ್ತಿದ್ದ, ನಾನು ವಾಡಿಯಲ್ಲಿ. ಸಂಜೆ ಅವನು ಹೊರಬರುವಾಗ ಹುಬ್ಬು, ರೆಪ್ಪೆ, ಕಿವಿಯ ಒಳಗೆ ಎಲ್ಲ ಬೂದಿ ಬಣ್ಣ. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಅಷ್ಟು ಜಾಗ ಮಾತ್ರ ಮನುಷ್ಯರ ಬಣ್ಣ. ಐದಾರು ವರ್ಷದಲ್ಲಿ ಕೆಮ್ಮು ಹಿಡಿಯಿತು. ಶಹಾಬಾದದ ವೈದ್ಯರು ಎದೆಗೆ ಕಿವಿಗೊಟ್ಟು ಕೇಳಿ, ಧೂಳು ಬಿಡು, ಇಲ್ಲವಾದರೆ ಔಷಧ ಬರೆದೂ ಪ್ರಯೋಜನವಿಲ್ಲ ಎಂದರು. ಧೂಳು ಬಿಡುವುದೆಂದರೆ ಕೆಲಸ ಬಿಡುವುದು. ಮನೆಯಲ್ಲಿ ಹೆಂಡತಿ ಅನಸೂಬಾಯಿ, ಇಬ್ಬರು ಮಕ್ಕಳು, ಅಡ್ಡೆಗೆ ಹೋಗಲಾಗದಷ್ಟು ಮುದುಕನಾದ ಲಾಲಪ್ಪ.

ಅಂಥ ಹೊತ್ತಿನಲ್ಲಿ, ಎಪ್ಪತ್ತೊಂಬತ್ತರಲ್ಲಿ, ಕಾರ್ಖಾನೆಯವರು ಹೊಸದೊಂದು ವಿಭಾಗ ತೆರೆದರು. ಕಂಪ್ಯೂಟರ್ ವಿಭಾಗ ಎಂದು ಹೆಸರು, ಕಂಪ್ಯೂಟರ್ ಮಾತ್ರ ಇರಲಿಲ್ಲ. ಅದು ಹೈದರಾಬಾದಿನ ಒಂದು ಕೇಂದ್ರದಲ್ಲಿತ್ತು. ನಾವು ಇಲ್ಲಿ ಪ್ರೋಗ್ರಾಮು ಬರೆದು, ಸಾಲಿಗೊಂದರಂತೆ ರಟ್ಟಿನ ಕಾರ್ಡುಗಳಿಗೆ ಅಕ್ಷರದ ಗುರುತಾಗಿ ತೂತು ಹೊಡೆದು, ಪೆಟ್ಟಿಗೆಯಲ್ಲಿ ತುಂಬಿ ರೈಲಿನಲ್ಲಿ ಒಯ್ಯಬೇಕು. ವಿಭಾಗದ ಮುಖ್ಯಸ್ಥರು ಮಡಿವಾಳಯ್ಯನವರು. ಗಣಿತ ಓದಿ, ಹೈದರಾಬಾದಿನಲ್ಲಿ ಫೋರ್ಟ್ರಾನ್ ಭಾಷೆ ಕಲಿತು ಬಂದವರು. ನನ್ನನ್ನು ಅವರೇ ಕರೆಸಿಕೊಂಡರು. ಮಾಣಿಕಪ್ಪನ ಕೆಮ್ಮಿನ ವಿಷಯ ನಾನು ಹೇಳಿದಾಗ ಅವನನ್ನೂ ತಾತ್ಕಾಲಿಕವಾಗಿ ಕರೆಸಿಕೊಂಡರು. ಕಾರ್ಡು ಹೊಡೆಯುವ ಯಂತ್ರದ ಮುಂದೆ ತಾಜುನ್ನಿಸಾ ಕೂರುತ್ತಿದ್ದರು. ಸೇಡಮಿನವರು, ನಮಗಿಂತ ಹಿರಿಯರು, ಟೈಪಿಂಗಿನಲ್ಲಿ ಬಹುಮಾನ ತೆಗೆದುಕೊಂಡವರು.

ಧೂಳು ಬಿದ್ದರೆ ಕಾರ್ಡು ಕೆಡುತ್ತದೆಂದು ಆ ಕೋಣೆಗೆ ಒಂದರ ಹಿಂದೊಂದು ಎರಡು ಬಾಗಿಲು ಇಟ್ಟಿದ್ದರು, ಕಿಟಕಿಗಳಿಗೆ ರಬ್ಬರಿನ ಪಟ್ಟಿ ಬಡಿದಿದ್ದರು. ಮೊದಲ ತಿಂಗಳು ಮಾಣಿಕಪ್ಪ ಅಲ್ಲಿ ಕೆಲಸ ಕಲಿತದ್ದಕ್ಕಿಂತ ಉಸಿರಾಡಿದ್ದೇ ಹೆಚ್ಚು. ಅವನ ಕೆಮ್ಮು ಇಳಿಯಿತು.

ಅಲ್ಲಿ ಅವನಿಗೆ ಸಿಕ್ಕ ಕೆಲಸವೇ ಹೆಸರು ನೋಡುವುದು. ಪ್ರೋಗ್ರಾಮಿನಲ್ಲಿ ಒಂದೊಂದು ಅಂಕಿಯನ್ನು ಇಡಲು ಒಂದೊಂದು ಹೆಸರು ಬೇಕು. ಆ ಹೆಸರಿಗೆ ಭಾಷೆಯ ಕಟ್ಟಳೆ ಇದೆ: ಮೊದಲನೆಯದು ಅಕ್ಷರವೇ ಆಗಿರಬೇಕು, ಆಮೇಲೆ ಅಕ್ಷರ ಅಥವಾ ಅಂಕಿ ಬರಬಹುದು, ಗೆರೆ ಚುಕ್ಕೆ ಕೂಡದು, ಒಟ್ಟು ಆರನ್ನು ಮೀರಬಾರದು. ಇಷ್ಟೇ. ಇಷ್ಟೇ ಆದರೂ ಒಂದು ಹೆಸರು ತಪ್ಪಿದರೆ ಹೈದರಾಬಾದಿನ ಯಂತ್ರ ಇಡೀ ಪ್ರೋಗ್ರಾಮನ್ನು ತಳ್ಳಿಹಾಕುತ್ತಿತ್ತು. ರೈಲಿನ ಪ್ರಯಾಣ ದಂಡ. ಮುಂದಿನ ಪಾಳಿ ಮತ್ತೊಂದು ವಾರಕ್ಕೆ.

ನಮ್ಮ ಕಾರ್ಖಾನೆಯಲ್ಲಿ ಒಂದು ತಪ್ಪು ಎಲ್ಲಕ್ಕಿಂತ ಹೆಚ್ಚು ಬರುತ್ತಿತ್ತು. ಇಲ್ಲಿ ಎಲ್ಲಕ್ಕೂ ನಂಬರು ಮೊದಲು. ಎರಡ್ನಂಬರ್ ಭಟ್ಟಿ, ಮೂರ್ನಂಬರ್ ಗಿರಣಿ, ನಾಲ್ಕ್ನಂಬರ್ ಖಾಣಿ, ಎಂದರೆ ಗಣಿ. ಭಟ್ಟಿಯ ಸಾಹೇಬರೂ ಹಾಗೆಯೇ ಅನ್ನುತ್ತಿದ್ದರು, ಗಾಡಿ ಹೊಡೆಯುವವನೂ ಹಾಗೆಯೇ. ಲೆಕ್ಕ ಬೇಕೆಂದು ಅವರು ಕಳಿಸುವ ಹಾಳೆಯಲ್ಲಿ ಹೆಸರುಗಳು ಎರಡರಿಂದ, ಮೂರರಿಂದ, ನಾಲ್ಕರಿಂದ ಶುರುವಾಗುತ್ತಿದ್ದವು. ಎಷ್ಟು ಹೇಳಿ ಕಳಿಸಿದರೂ ಮುಂದಿನ ಹಾಳೆ ಅದೇ ರೀತಿ. ನಾನು ಗಟ್ಟಿಯಾಗಿ ಓದುವುದು, ಮಾಣಿಕಪ್ಪ ಬೆರಳಿಟ್ಟು ನೋಡುವುದು. ದಿನಗಟ್ಟಲೆ ಇದೇ ಕೆಲಸ. ಮಧ್ಯಾಹ್ನದ ಮೇಲೆ ಇಬ್ಬರಿಗೂ ತೂಕಡಿಕೆ ಬರುವುದು, ನಾಲ್ಕ್ನಂಬರ್ ಖಾಣಿ ಸದ್ದಿಲ್ಲದೆ ಒಳಗೆ ಹೋಗಿಬಿಡುವುದು.

ಆಗ ಅವನಿಗೆ ಒಂದು ವಿಚಾರ ಹೊಳೆಯಿತು. ಹೆಸರುಗಳನ್ನು ನೋಡುವ ಕೆಲಸವನ್ನೇ ಒಂದು ಪ್ರೋಗ್ರಾಮಿಗೆ ಕೊಟ್ಟರೆ? ಹೆಸರಿನ ಕಾರ್ಡುಗಳನ್ನು ಒಂದರ ಹಿಂದೊಂದು ಕೊಡುವುದು, ಸರಿಯಿದ್ದರೆ ಮುಂದೆ ಒಂದು ಎಂದು ಅಚ್ಚಾಗಬೇಕು, ಇಲ್ಲದಿದ್ದರೆ ಸೊನ್ನೆ. ಮಡಿವಾಳಯ್ಯನವರು ಫೋರ್ಟ್ರಾನ್ ಕಲಿಸಿದರು. ಇಬ್ಬರೂ ಸೇರಿ ಚಳಿಗಾಲವಿಡೀ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು.

ಅದರ ನಡುವೆಯೇ ತಾಜುನ್ನಿಸಾ ಮತ್ತು ಮಾಣಿಕಪ್ಪನ ಜಗಳವಾದದ್ದು. ಆಕೆ ಯಾವ ಕಟ್ಟಿನ ಕೆಲಸ ಶುರು ಮಾಡಿದರೂ ಮೊದಲು ಒಂದು ಕಾರ್ಡಿನಲ್ಲಿ 786 ಎಂದು ಹೊಡೆದು ಮೇಲೆ ಇಡುತ್ತಿದ್ದರು. ಬಿಸ್ಮಿಲ್ಲಾ ಎನ್ನುವುದನ್ನು ಅಂಕಿಯಲ್ಲಿ ಬರೆಯುವ ರೀತಿ ಅದು. ನಮ್ಮ ಹಿಂದಿನ ಗುಮಾಸ್ತರು ಹಾಳೆಯ ನೆತ್ತಿಯಲ್ಲಿ ಶ್ರೀ ಬರೆಯುತ್ತಿದ್ದ ಹಾಗೆ. ಮಾಣಿಕಪ್ಪ ಪೆಟ್ಟಿಗೆ ತುಂಬುವ ಮೊದಲು ಆ ಕಾರ್ಡನ್ನು ತೆಗೆದು ಬದಿಗಿಡುತ್ತಿದ್ದ. ಒಂದು ದಿನ ಆಕೆಯ ಕಣ್ಣಿಗೆ ಬಿತ್ತು.

"ನಿಮ್ಮ ಕೈಗಿ ಅದೊಂದೇ ಭಾರ ಆತೇನ್ರಿ ಭಾಯಿ?"

ಯಂತ್ರ ಅದನ್ನೂ ಒಂದು ಹೆಸರೆಂದು ತಿಳಿದು ಓದುತ್ತದೆ, ಅಂಕಿಯಿಂದ ಶುರುವಾಗುವುದರಿಂದ ಸೊನ್ನೆ ಹಾಕುತ್ತದೆ, ನಿಮ್ಮ ದೇವರ ಅಂಕಿಯ ಮುಂದೆ ಸೊನ್ನೆ ಬಂದರೆ ನಿಮಗೆ ನೋವಾಗುವುದಿಲ್ಲವೇ ಎಂದು ಅವನು ತಡವರಿಸುತ್ತ ಕೇಳಿದ. ಆಕೆ ಯೋಚಿಸಿದರು. ಯಂತ್ರದ ಕೀಲಿಗಳಿಂದ ಕೈ ತೆಗೆದು ಅವನ ಕಡೆ ತಿರುಗಿದರು.

"ಅದು ಹೆಸರಾದ್ರ ಏನಾಗತದ?"

"ಅದರಾಗ ಲೆಕ್ಕಾ ಇಡ್ತಾರ, ಆಪಾ. ಸುಣ್ಣದ್ದು, ಕಲ್ಲಿದ್ದಲಿಂದು."

"ಹಂಗಾದ್ರ ಸೊನ್ನೀನೇ ಸರಿ. ಆ ಅಂಕಿ ಒಳಗ ಯಾರೂ ಕಲ್ಲಿದ್ದಲಾ ತುಂಬೂದು ಬ್ಯಾಡ. ನಿಮ್ಮ ಮಶೀನಿಗಿ ಅದಬ ಅದ, ಮರ್ಯಾದಿ ಅದ, ಒಲ್ಲೆ ಅಂತದ. ಇರಲಿ ಬಿಡ್ರಿ ಅಲ್ಲೇ."

ಮಾಣಿಕಪ್ಪ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ನಿಂತ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮಪ್ಪನ ಒಡಕ ಕಲ್ಲು" ಎಂದ. ಅಂದಿನಿಂದ ಹೆಸರುಗಳ ಪ್ರತಿ ಕಟ್ಟಿನ ಮೊದಲ ಕಾರ್ಡು 786. ಅಚ್ಚಾಗಿ ಬಂದ ಹಾಳೆಯ ಮೊದಲ ಸಾಲಿನಲ್ಲಿ ಅದರ ಮುಂದೆ ಸೊನ್ನೆ ಇದ್ದರೆ ಪ್ರೋಗ್ರಾಮಿನ ಕಿವಿ ಸರಿ ಇದೆ ಎಂದು ಅರ್ಥ. ಆಮೇಲೆ ಉಳಿದದ್ದನ್ನು ನೋಡಬಹುದು. ಅವನು ಆ ಸೊನ್ನೆಯ ಪಕ್ಕ ಕೆಂಪು ಪೆನ್ಸಿಲಿನಿಂದ ಒಂದು ಗೀಟು ಎಳೆದೇ ಕೆಳಗಿಳಿಯುತ್ತಿದ್ದ.

ಎಂಬತ್ತೊಂದರ ಆಷಾಢದಲ್ಲಿ ಮುಂಬಯಿಯ ಮುಖ್ಯ ಕಚೇರಿ ನಮ್ಮ ವಿಭಾಗವನ್ನು ಮುಚ್ಚುವ ಮಾತೆತ್ತಿತು. ಹೆಸರು ನೋಡಲು, ಕಾರ್ಡು ಹೊಡೆಯಲು ಮುಂಬಯಿಯಲ್ಲಿಯೇ ಜನರಿದ್ದಾರೆ ಎಂಬುದು ಅವರ ವಾದ. ಮಡಿವಾಳಯ್ಯನವರು ಜಗಳಾಡಿ ಒಂದು ಪರೀಕ್ಷೆ ಒಪ್ಪಿಸಿದರು. ಮುಂಬಯಿಯ ಸಾಹೇಬರೊಬ್ಬರು ಹೈದರಾಬಾದಿಗೆ ಬರುತ್ತಾರೆ. ತಮ್ಮದೇ ಹೆಸರುಗಳ ಕಾರ್ಡು ತರುತ್ತಾರೆ. ನಮ್ಮ ಪ್ರೋಗ್ರಾಮು ಅವುಗಳನ್ನು ಸರಿಯಾಗಿ ಆರಿಸಿದರೆ ಅದೇ ಕಟ್ಟನ್ನು ಅಲ್ಲಿಯೇ ಮೊಹರು ಮಾಡಿ ಮುಂಬಯಿಗೆ ಒಯ್ಯುತ್ತಾರೆ. ಕಂಪನಿಯ ಉಳಿದ ಕಾರ್ಖಾನೆಗಳಿಗೆ ಅದರ ಪ್ರತಿಗಳು ಹೋಗುತ್ತವೆ. ವಿಭಾಗ ಉಳಿಯುತ್ತದೆ, ಮಾಣಿಕಪ್ಪ ಕಾಯಂ ಆಗುತ್ತಾನೆ. ಇಲ್ಲವಾದರೆ ಮಡಿವಾಳಯ್ಯನವರು ಬೇರೆ ಕಾರ್ಖಾನೆಗೆ, ನಾನು ಹಾಜರಿ ಕಚೇರಿಗೆ, ತಾಜುನ್ನಿಸಾ ಟೈಪಿಂಗಿಗೆ. ಮಾಣಿಕಪ್ಪ ಚೀಲ ತುಂಬುವ ಮನೆಗೆ.

ಆ ತಿಂಗಳು ಅವನು ಊಟದ ಹೊತ್ತಿಗೆ ಹೊರಗೆ ಕೂರುವ ರೂಢಿ ಬಿಟ್ಟು ಎರಡು ಬಾಗಿಲಿನ ಒಳಗೇ ರೊಟ್ಟಿ ತಿನ್ನುತ್ತಿದ್ದ. ಕಿಟಕಿಯಿಂದ ಚೀಲ ತುಂಬುವ ಮನೆಯ ತಗಡು ಕಾಣುತ್ತಿತ್ತು. ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದ.

ಪರೀಕ್ಷೆಯ ದಿನ ಬೆಳಿಗ್ಗೆ ಮಳೆ. ಕಾರ್ಡಿಗೆ ತೇವ ತಾಗಿದರೆ ಉಬ್ಬಿ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ತಾಜುನ್ನಿಸಾ ಹಿಂದಿನ ದಿನವೇ ಪ್ರೋಗ್ರಾಮಿನ ಕಟ್ಟನ್ನು ಮೇಣಗಪ್ಪಡದಲ್ಲಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದರು. 786ರ ಕಾರ್ಡನ್ನು ಬೇರೆಯೇ ಒಂದು ಲಕೋಟೆಯಲ್ಲಿ ಹಾಕಿ ಮಾಣಿಕಪ್ಪನ ಅಂಗಿಯ ಜೇಬಿಗೆ ಕೊಟ್ಟಿದ್ದರು. ಚಿತ್ತಾಪುರ ಸ್ಟೇಷನ್ನಿನಲ್ಲಿ ಗಾಡಿ ತುಂಬಿ ಬಂತು. ಮಡಿವಾಳಯ್ಯನವರು ಹತ್ತಿದರು, ನಾನು ಹತ್ತಿದೆ. ಮಾಣಿಕಪ್ಪ ಪೆಟ್ಟಿಗೆ ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕಾಲಿಡುವಾಗ ಹಿಂದಿನಿಂದ ಹತ್ತಿ ಮೂಟೆ ಹೊತ್ತವನೊಬ್ಬ ನುಗ್ಗಿದ. ಪೆಟ್ಟಿಗೆ ಅಡಿಮೇಲಾಗಿ ಪ್ಲಾಟ್‌ಫಾರ್ಮಿನ ಮೇಲೆ ಬಿತ್ತು. ಮೇಣಗಪ್ಪಡ ಬಿಚ್ಚಿಕೊಂಡಿತು.

ಗಾಡಿ ಸೀಟಿ ಹಾಕಿತ್ತು. ಅವನು ಮಂಡಿಯೂರಿ ಎರಡೂ ಕೈಯಿಂದ ಕಾರ್ಡು ಬಾಚಿದ. ಛಾವಣಿ ಇದ್ದ ಕಡೆ ಬಿದ್ದದ್ದು ಪುಣ್ಯ, ಹೆಚ್ಚು ನೆನೆದಿರಲಿಲ್ಲ. ಚಲಿಸುತ್ತಿದ್ದ ಗಾಡಿಯ ಬಾಗಿಲಿನಿಂದ ನಾನು ಪೆಟ್ಟಿಗೆ ತೆಗೆದುಕೊಂಡೆ, ಮಡಿವಾಳಯ್ಯನವರು ಅವನ ತೋಳು ಹಿಡಿದು ಎಳೆದುಕೊಂಡರು.

ಕಾರ್ಡಿನ ಕೊನೆಯಲ್ಲಿ ಕ್ರಮಸಂಖ್ಯೆ ಹೊಡೆದಿರುತ್ತದೆ. ಅವನು ಮೇಲಿನ ಬರ್ತಿನ ಮೇಲೆ ಕೂತು ಒಂದೊಂದನ್ನೇ ಜೋಡಿಸಿದ. ತಾಂಡೂರಿನ ಹೊತ್ತಿಗೆ ಮೊದಲಿನಿಂದ ಕೊನೆಯವರೆಗೆ ಸಂಖ್ಯೆ ಕೂಡಿತು, ಎಲ್ಲಿಯೂ ಬಿಟ್ಟುಹೋಗಿರಲಿಲ್ಲ. ಮಡಿವಾಳಯ್ಯನವರು ವಿಕಾರಾಬಾದಿನಲ್ಲಿ ಮೂವರಿಗೂ ಚಹಾ ತರಿಸಿದರು. ಆಮೇಲೆ ಬರೆದು ಸೇರಿಸಿದ ಕೆಲವು ಕಾರ್ಡುಗಳಿಗೆ ಸಂಖ್ಯೆಯೇ ಇರಲಿಲ್ಲ, ಅಂಥದೊಂದು ಬಿಟ್ಟುಹೋದರೆ ಸಂಖ್ಯೆಯಿಂದ ತಿಳಿಯದು ಎಂಬುದು ಆಗ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಸಂಖ್ಯೆಯಿಲ್ಲದವು ಕೈಗೆ ಸಿಕ್ಕಾಗ ಅವನು ಅವುಗಳ ಜಾಗ ಬಾಯಿಪಾಠದಿಂದ ಹುಡುಕಿ ಇಟ್ಟಿದ್ದ. ಕೈಗೆ ಸಿಗದ್ದನ್ನು ಯಾರು ಹುಡುಕಬೇಕು?

ಮುಂಬಯಿಯ ಸಾಹೇಬರು ನಾವು ಅಂದುಕೊಂಡ ಹಾಗಿರಲಿಲ್ಲ. ಮೆದು ಮಾತಿನ ಮನುಷ್ಯ, ಹಿಂದಿಯಲ್ಲಿ ನಮ್ಮ ಊರು ಮನೆ ವಿಚಾರಿಸಿದರು. ನಮ್ಮ ಪ್ರೋಗ್ರಾಮಿನ ಬರಹವನ್ನು ಮೊದಲೇ ತರಿಸಿಕೊಂಡು ಓದಿದ್ದರು, ಚೆನ್ನಾಗಿದೆ ಎಂದರು. ಯಂತ್ರದ ಪಾಳಿ ಒಂದೇ ಗಂಟೆಯದು, ಆಮೇಲೆ ಬೇರೆಯವರ ಸರದಿ, ತಮಗೂ ಸಂಜೆ ಗಾಡಿ ಇದೆ ಎಂದರು. ಮಾಣಿಕಪ್ಪ ಜೇಬಿನಿಂದ ಲಕೋಟೆ ತೆಗೆದು, ಅದರೊಳಗಿನ ಕಾರ್ಡನ್ನು ಸಾಹೇಬರ ಹೆಸರುಗಳ ಮೇಲಿಟ್ಟ. ಅದು ನಮ್ಮ ಕಟ್ಟಿನ ನಂಬರು ಎಂದುಕೊಂಡರೋ ಏನೋ, ಸಾಹೇಬರು ಕೇಳಲಿಲ್ಲ.

ನಾವು ಗಾಜಿನ ಹೊರಗೆ ನಿಂತೆವು. ಕಾರ್ಡುಗಳು ಪಟಪಟನೆ ಒಳಗೆ ಇಳಿದವು, ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಯಂತ್ರ ಪ್ರೋಗ್ರಾಮನ್ನು ತಳ್ಳಿಹಾಕಲಿಲ್ಲ. ಅಚ್ಚಿನ ಯಂತ್ರ ಗರಗರ ಎಂದು ಹಾಳೆ ಬಿಡತೊಡಗಿತು. ಮಡಿವಾಳಯ್ಯನವರು ನನ್ನ ಭುಜ ಹಿಡಿದಿದ್ದರು.

ಸಾಹೇಬರು ಹಾಳೆಯನ್ನು ಮೇಜಿನ ಮೇಲೆ ಹರಡಿ ಅಲ್ಲಲ್ಲಿ ಪೆನ್ನಿಟ್ಟು ನೋಡಿದರು. ಉದ್ದದ ಹೆಸರಿಗೆ ಸೊನ್ನೆ ಬಂದಿತ್ತು. ಗೆರೆಯಿದ್ದದ್ದಕ್ಕೆ, ಚುಕ್ಕೆಯಿದ್ದದ್ದಕ್ಕೆ ಸೊನ್ನೆ. ಸರಿಯಿದ್ದವಕ್ಕೆ ಒಂದು. ಅವರ ಮುಖ ಅರಳಿತು. ಮಡಿವಾಳಯ್ಯನವರ ಕೈ ಕುಲುಕಿದರು. ಸಹಿಯ ಕಾಗದ ತೆಗೆದು ಪೆನ್ನಿನ ಟೊಪ್ಪಿಗೆ ಬಿಚ್ಚಿದರು.

ಮಾಣಿಕಪ್ಪ ಕೆಂಪು ಪೆನ್ಸಿಲು ಹಿಡಿದು ಹಾಳೆಯ ಮೇಲೆ ಬಗ್ಗಿದ್ದವನು ಗೀಟು ಎಳೆಯಲಿಲ್ಲ. ನಾನು ಅವನ ಹೆಗಲ ಮೇಲಿಂದ ನೋಡಿದೆ. ಮೊದಲ ಸಾಲು, 786. ಅದರ ಮುಂದೆ ಒಂದು.

ಅವನು ಒಂದು ನಿಮಿಷ ಅಂತ ಸಾಹೇಬರಿಗೆ ಹಿಂದಿಯಲ್ಲಿ ಹೇಳಿ ಮಡಿವಾಳಯ್ಯನವರ ಕಡೆ ನೋಡಿದ. ಮೂವರೂ ವರಾಂಡಕ್ಕೆ ಬಂದೆವು. ಹೊರಗೆ ಮಳೆ ನಿಂತಿತ್ತು, ಸೈಕಲ್ಲುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮೊದಲನೇದು ಹಾದು ಬಂದದರಿ, ಅಯ್ನೋರೆ" ಎಂದ.

ಮಡಿವಾಳಯ್ಯನವರಿಗೆ ತಕ್ಷಣ ಅರ್ಥವಾಯಿತು. ಕಣ್ಣು ಮುಚ್ಚಿಕೊಂಡರು. ತೆರೆದಾಗ ದನಿ ಇಳಿಸಿ ಮಾತಾಡಿದರು. ಅದು ಸಾಹೇಬರ ಕಾರ್ಡಲ್ಲ, ನಮ್ಮದು. ಸಾಹೇಬರ ಕಾರ್ಡುಗಳಲ್ಲಿ ಅಂಕಿಯಿಂದ ಶುರುವಾಗುವ ಹೆಸರು ಒಂದೋ ಎರಡೋ, ಅವರು ಅವನ್ನು ನೋಡಿಯೂ ಇಲ್ಲ. ಊರಿಗೆ ಹೋದ ಮೇಲೆ ಏನಾಗಿದೆ ನೋಡಿ ಸರಿಮಾಡಿ, ಇನ್ನೊಂದು ಕಟ್ಟು ಮುಂಬಯಿಗೆ ಕಳಿಸಿದರಾಯಿತು.

"ಮೊಹರು ಹಾಕಿ ಒಯ್ತಾರಲ್ರಿ ಇದನ್ನ."

"ಒಯ್ಯಲಿ. ಆಮ್ಯಾಲ ಬರದು ತಿಳಸೂಣು. ಮೊದಲ ಸಹಿ ಆಗ್ಲಿ, ಮಾಣಿಕ."

"ಆಮ್ಯಾಲ ಯಾರು ಕೇಳ್ತಾರ್ರಿ? ಮೊಹರಾದ ಕಟ್ಟು ಬಿಚ್ಚಾಂಗಿಲ್ಲ ಅಂತ ಅವರೇ ಅಂದಾರ."

ಮಡಿವಾಳಯ್ಯನವರು ಅವನ ಎದೆಯ ಮೇಲೆ ಕೈಯಿಟ್ಟರು. ಅವರು ಕೆಟ್ಟವರಲ್ಲ. ತಮ್ಮ ಕುರ್ಚಿಗಾಗಿ ಅಷ್ಟೇ ಆಡಿದ ಮಾತೂ ಅದಲ್ಲ.

"ಇದರ ಖಬರ್ ಅದನೋ ಇಲ್ಲೋ ನಿನಗ? ಮತ್ತ ಆ ಧೂಳಿನ್ಯಾಗ ಹೋಗಿ ಕುಂದ್ರತಿ?"

ಮಾಣಿಕಪ್ಪ ಕೆಂಪು ಪೆನ್ಸಿಲನ್ನು ಜೇಬಿಗೆ ಇಟ್ಟುಕೊಂಡ. ಅವನು ಸುಮ್ಮನಾಗಲಿ ಎಂದೇ ನಾನು ಬಯಸಿದ್ದು. ಈಗಲೂ ಅದೇ ಬಯಸುತ್ತೇನೆ.

"ನಮ್ಮಲ್ಲಿ ಎಲ್ಲಾ ನಂಬರಿಂದನೇ ಶುರು ಆಗತಾವರಿ. ಎರಡ್ನಂಬರ್ ಭಟ್ಟಿ ಬಂತು, ಬಾ ಅಂತದ ಇದು. ನಾಲ್ಕ್ನಂಬರ್ ಖಾಣಿ ಬಂತು, ಬಾ ಅಂತದ. ಮತ್ತ ಇದು ಯಾರನ್ನ ತಡಿತದರಿ? ಕಿವುಡ ಅದು. ಕಿವುಡಂದು ಸೈ ಅಂತ ಹ್ಯಾಂಗ ಹೇಳ್ಲಿ ನಾ? ಮುಂಜಾನಿಂದ ಇಷ್ಟೊತ್ತನಾ ನಾ ನೋಡಿದ್ದು ಅದೊಂದೇ ಸಾಲು. ಬಾಕಿ ಎಲ್ಲಾ ಸಾಹೇಬ್ರೇ ನೋಡ್ಯಾರ. ನನ್ನ ಸಾಲ ನಾ ನೋಡ್ಲಿಲ್ಲ ಅಂತ ಹ್ಯಾಂಗ ಅನ್ಲಿ?"

ಮಡಿವಾಳಯ್ಯನವರು ಕೈ ತೆಗೆದರು. ಒಳಗೆ ಹೋಗುವಾಗ ಅವನಿಗಿಂತ ಮುಂದೆ ಅವರೇ ನಡೆದರು, ಸಾಹೇಬರಿಗೆ ಹೇಳಿದವರೂ ಅವರೇ.

ಸಾಹೇಬರು ಪೆನ್ನು ಕೆಳಗಿಟ್ಟು ಮೊದಲ ಸಾಲನ್ನು ನೋಡಿದರು. ಆ ಕಾರ್ಡು ಯಾಕೆ ಅಲ್ಲಿತ್ತು ಎಂದು ಕೇಳಿದರು. ಮಾಣಿಕಪ್ಪ ತಾಜುನ್ನಿಸಾರ ವಿಷಯವನ್ನೂ ತಂದೆಯ ಕಲ್ಲಿನ ವಿಷಯವನ್ನೂ ತನಗೆ ಬಂದ ಹಿಂದಿಯಲ್ಲಿ ಹೇಳಿದ. ಅವರು ಮಧ್ಯೆ ಬಾಯಿ ಹಾಕದೆ ಕೇಳಿ, ಪ್ರೋಗ್ರಾಮಿನ ಬರಹವನ್ನು ತೆಗೆದು ಕಾರ್ಡುಗಳ ಜೊತೆ ಸಾಲು ಸಾಲಾಗಿ ಹೋಲಿಸಿದರು. ಮೊದಲನೆಯದು ಅಕ್ಷರವೇ ಎಂದು ಕೇಳುವ ಕಾರ್ಡೇ ಕಟ್ಟಿನಲ್ಲಿ ಇಲ್ಲ ಎಂಬುದನ್ನು ಕಂಡುಹಿಡಿದವರು ಅವರು. ಮಾಣಿಕಪ್ಪ ಅದನ್ನು ಕೊನೆಗೆ ಬರೆದು ಸೇರಿಸಿದ್ದ, ಸಂಖ್ಯೆಯಿರಲಿಲ್ಲ. ಅದು ಚಿತ್ತಾಪುರದ ಪ್ಲಾಟ್‌ಫಾರ್ಮಿನಲ್ಲೇ ಉಳಿದಿತ್ತು.

ಒಂದು ಕಾರ್ಡು ಹೊಡೆದು ಸೇರಿಸಲು ಹೊತ್ತು ಬೇಕಾಗಿರಲಿಲ್ಲ. ಆದರೆ ಪಾಳಿ ಮುಗಿದಿತ್ತು, ಗಾಜಿನ ಆಚೆ ಬೇರೆಯವರು ತಮ್ಮ ಪೆಟ್ಟಿಗೆ ಬಿಚ್ಚುತ್ತಿದ್ದರು. ಸಾಹೇಬರು ಕೇಂದ್ರದವರನ್ನು ಕೇಳಿ ನೋಡಿದರು, ಅವರು ಒಪ್ಪಲಿಲ್ಲ. ಇಂದು ಸಹಿ ಮಾಡಲಾರೆ, ಆದರೆ ಆಗದು ಎಂದೂ ಬರೆಯುವುದಿಲ್ಲ, ಮತ್ತೊಮ್ಮೆ ಬರುತ್ತೇನೆ ಎಂದರು. ಯಾವಾಗ ಎಂದು ಮಡಿವಾಳಯ್ಯನವರು ಕೇಳಿದರು. ದೀಪಾವಳಿಯ ನಂತರ ಎಂದರು. ಹೋಗುವ ಮೊದಲು ಮಾಣಿಕಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು.

ದೀಪಾವಳಿಯವರೆಗೆ ವಿಭಾಗಕ್ಕೆ ಬೀಗ ಬಿತ್ತು. ಮಾಣಿಕಪ್ಪ ಚೀಲ ತುಂಬುವ ಮನೆಗೆ ಹೋದ.

ಸಂಜೆ ಗೇಟಿನಲ್ಲಿ ನಾನು ಅವನಿಗಾಗಿ ಕಾಯುತ್ತಿದ್ದೆ. ಮತ್ತೆ ಆ ಬೂದಿ ಬಣ್ಣ. ಅನಸೂಬಾಯಿ ಒಮ್ಮೆ ನಮ್ಮ ಮನೆಗೆ ಬಂದು, ಅವನು ರಾತ್ರಿ ಮಲಗುವುದಿಲ್ಲ, ಗೋಡೆಗೆ ಒರಗಿ ಕೂತಿರುತ್ತಾನೆ, ನೀವಾದರೂ ಹೇಳಿ ಎಂದರು. ಮಡಿವಾಳಯ್ಯನವರು ಅವನನ್ನು ಬೇರೆ ಕಡೆ ಹಾಕಿಸಲು ಮೂರು ಸಾಹೇಬರ ಬಾಗಿಲು ತಟ್ಟಿದರು. ತಾಜುನ್ನಿಸಾ ಒಂದು ದಿನದ ಮಟ್ಟಿಗೆ ಕೋಣೆಯ ಬೀಗ ತೆಗೆಸಿ ಕಳೆದುಹೋದ ಕಾರ್ಡನ್ನು ಹೊಸದಾಗಿ ಹೊಡೆದಿಟ್ಟರು. ಈ ಸಲ ಎಲ್ಲ ಕಾರ್ಡಿಗೂ ಸಂಖ್ಯೆ ಹಾಕಿದರು. ಊಟದ ಹೊತ್ತಿಗೆ ಅದನ್ನು ತೋರಿಸಲು ತಾವೇ ಚೀಲ ತುಂಬುವ ಮನೆಯ ತನಕ ನಡೆದುಹೋದರು.

"ಹಳೇದು ಸ್ಟೇಷನ್ನಿನ ಆಡು ತಿಂದಿರಬೇಕ್ರಿ ಭಾಯಿ. ಈಗ ಅದಕ್ಕ ಫೋರ್ಟ್ರಾನ್ ಬರತದ. ಅದನ್ನೇ ಕಾಯಂ ಮಾಡ್ತಾರೇನೋ ನೋಡ್ರಿ."

ಅವನು ನಕ್ಕ. ನಗು ಕೆಮ್ಮಾಯಿತು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತರು, ಧೂಳಿಗೋ ಬೇರೆ ಯಾವುದಕ್ಕೋ.

ಸಾಹೇಬರು ಮಾತು ತಪ್ಪಲಿಲ್ಲ, ತಡಮಾಡಿದರು. ದೀಪಾವಳಿ ಹೋಗಿ ಸಂಕ್ರಾಂತಿ ಬಂತು. ಆ ಚಳಿಯಲ್ಲಿ ಎರಡನೆಯ ಪರೀಕ್ಷೆಯಾಯಿತು. ಪೆಟ್ಟಿಗೆಯನ್ನು ಮಾಣಿಕಪ್ಪ ಹೊರಲಾರದೆ ನಾನು ಹೊತ್ತೆ. ಹಾಳೆ ಹೊರಬಂದಾಗ ಸಾಹೇಬರು ಅದನ್ನು ತಾವು ನೋಡದೆ ಮೊದಲು ಅವನ ಕೈಗೆ ಕೊಟ್ಟರು. ಅವನು ಮೊದಲ ಸಾಲಿನ ಸೊನ್ನೆಯ ಪಕ್ಕ ಗೀಟು ಎಳೆದ. ಆಮೇಲೆ ಸಾಹೇಬರು ಓದಿದರು, ಆಮೇಲೆ ಸಹಿಯಾಯಿತು.

ಅವನು ಕಾಯಂ ಆದ. ಎರಡು ಬಾಗಿಲಿನ ಕೋಣೆಗೆ ತಿರುಗಿ ಬಂದ. ಈ ಸಲ ಕೆಮ್ಮು ಮಾತ್ರ ಪೂರ್ತಿ ಇಳಿಯಲಿಲ್ಲ. ಆ ಆರು ತಿಂಗಳೇ ಕಾರಣ ಎಂದು ವೈದ್ಯರು ಯಾರೂ ಹೇಳಿಲ್ಲ, ಅದಕ್ಕಿಂತ ಮೊದಲಿನ ವರ್ಷಗಳೂ ಇದ್ದವಲ್ಲ ಎಂದರು. ನಾನೂ ಹೇಳುವುದಿಲ್ಲ. ಅನಸೂಬಾಯಿ ಮಣ್ಣಿನ ದಿನ ನನ್ನ ಮುಖವನ್ನೇ ನೋಡಿದರು.

ಆಮೇಲಿನ ವರ್ಷಗಳು ಶಾಂತವಾಗಿದ್ದವು. ಉಳಿದ ಕಾರ್ಖಾನೆಗಳ ಹೆಸರುಗಳೂ ನಮ್ಮಲ್ಲಿಗೆ ಬರತೊಡಗಿದವು. ಲಾಲಪ್ಪ ತೀರಿಕೊಂಡರು. ಎಂಬತ್ತೈದರಲ್ಲಿ ಕಾರ್ಡುಗಳು ಹೋಗಿ, ಮೇಜಿನ ಮೇಲಿಡುವ ಕಂಪ್ಯೂಟರು ಕಾರ್ಖಾನೆಗೇ ಬಂತು. ಮಾಣಿಕಪ್ಪ ಆ ಪ್ರೋಗ್ರಾಮನ್ನು ಅದಕ್ಕೆ ಹೊಂದಿಸಿ ಮತ್ತೆ ಬರೆದ. ರೈಲು ಬೇಕಾಗಿರಲಿಲ್ಲ, ಪೆಟ್ಟಿಗೆಯೂ ಬೇಕಾಗಿರಲಿಲ್ಲ. ಈಗಲೂ ಆ 786 ಯಾಕೆ ಎಂದು ಹೊಸದಾಗಿ ಬಂದವರು ಕೇಳುತ್ತಿದ್ದರು. ತಾಜುನ್ನಿಸಾ ಕೀಲಿಗಳ ಮೇಲೆ ಮೊದಲು 786 ಒತ್ತದೆ ಬೇರೆ ಯಾವುದನ್ನೂ ಒತ್ತುತ್ತಿರಲಿಲ್ಲ, ಮಾಣಿಕಪ್ಪ ಆ ಸಾಲು ನೋಡದೆ ಬೇರೆ ಯಾವುದನ್ನೂ ನೋಡುತ್ತಿರಲಿಲ್ಲ.

ಈ ವರ್ಷ ಮಳೆಗಾಲದಿಂದ ಅವನ ರಜೆಗಳು ಹೆಚ್ಚಾದವು. ಆ ಸೋಮವಾರದ ಹಿಂದಿನ ಶುಕ್ರವಾರ ಬರಬೇಡ ಎಂದು ನಾನು ಹಿಂದಿನ ಸಂಜೆಯೇ ಹೇಳಿದ್ದೆ. ಬಂದ. ಶಹಾಬಾದದಲ್ಲಿ ಹತ್ತಿದವನು ವಾಡಿಯವರೆಗೆ ನನಗಾಗಿ ಜಾಗ ಹಿಡಿದಿಟ್ಟಿದ್ದ, ನಾನು ಕೂತ ಮೇಲೆ ಅವನಿಗೆ ಮಾತಾಡಲು ಉಸಿರಿರಲಿಲ್ಲ. ನಾಲ್ಕ್ನಂಬರ್ ಖಾಣಿಯಿಂದ ಹೊಸ ಹಾಳೆ ಬಂದಿತ್ತು, ಆ ದಿನವೇ ನೋಡಿ ಕೊಡಬೇಕಿತ್ತು. ತಾಜುನ್ನಿಸಾ ಅವನ ಮುಖ ನೋಡಿ, ಮನೆಗೆ ಹೋಗ್ರಿ ಭಾಯಿ ಎಂದರು. ಇದೊಂದು ಎಂದು ಕೈಸನ್ನೆ ಮಾಡಿದ. ಆಕೆ ಒತ್ತಿದರು, ಹಾಳೆ ಅಚ್ಚಾಗಿ ಬಂತು. ನಾನು ಓದಲು ಅವನ ಪಕ್ಕದ ಕುರ್ಚಿ ಎಳೆದುಕೊಂಡೆ. ಸ್ವಲ್ಪ ಹೊತ್ತಿನ ನಂತರ ಅವನು ಮೇಜಿನ ಮೇಲೆ ಬಗ್ಗಿದ್ದವನು ಏಳಲಿಲ್ಲ, ಜೀಪಿನಲ್ಲಿ ಗುಲಬರ್ಗಾಕ್ಕೆ ಒಯ್ದೆವು, ಮತ್ತೆ ಅವನಿಗೆ ಎಚ್ಚರವಾಗಲಿಲ್ಲ.

ಅದಕ್ಕೆ ಮೊದಲು ಅವನು ಹಾಳೆಯನ್ನು ಹತ್ತಿರ ಎಳೆದುಕೊಂಡು, ಮೊದಲ ಸಾಲಿನ ಸೊನ್ನೆಯನ್ನು ನೋಡಿ, ಪಕ್ಕದಲ್ಲಿ ಕೆಂಪು ಪೆನ್ಸಿಲಿನಿಂದ ಗೀಟು ಎಳೆದು, ಬೆರಳನ್ನು ಎರಡನೆಯ ಸಾಲಿಗೆ ಇಳಿಸಿದ.